ಲಕ್ಸೆಂಬರ್ಗಿಗೆ ಹೊರಟ ಮಗಳಿಗೊಂದು ಪತ್ರ

ಚಿ. ಸುಮಾಳಿಗೆ ಅಪ್ಪನ ಆಶೀರ್ವಾದಗಳು.

ನಿನ್ನೆ ಫೋನಿನಲ್ಲಿ ನನ್ನ ದನಿ ಏರಿತು, ನೀನು ಮಾತು ನಿಲ್ಲಿಸಿಬಿಟ್ಟೆ. ಮುಂದಿನ ವಾರ ಹೊರಡುವವಳು, ಮುನಿಸಿಕೊಂಡು ವಿಮಾನ ಹತ್ತಬೇಡವ್ವ. ಸೋಲಾರ್ ಸಂಶೋಧನೆ ಎಂದಾಗ ನೆಮ್ಮದಿಯಿಂದಿದ್ದೆ. ಪೊಟ್ಯಾಶಿಯಂ ಸೈನೈಡ್ ಹೆಸರು ನಿನ್ನ ಬಾಯಿಂದ ಬಂತಲ್ಲ, ಎದೆ ಧಸಕ್ಕೆಂದಿತು.

ನೀನು ವಿವರಿಸಿದ್ದು ಅರ್ಥವಾಗಿದೆ. ಗಾಜಿನ ಮೇಲೆ ಎರಡು ಮೈಕ್ರಾನಿನಷ್ಟು ತೆಳುವಾದ ತಾಮ್ರ, ಇಂಡಿಯಂ, ಸೆಲೆನಿಯಂ ಪದರ, ಬಿಸಿಲನ್ನು ಕರೆಂಟು ಮಾಡುವುದು ಅದೇ. ತಾಮ್ರ ಹೆಚ್ಚಿಟ್ಟು ಬೆಳೆಸಿದರೆ ಹರಳು ದೊಡ್ಡದಾಗುತ್ತದೆ, ಆದರೆ ಮಿಕ್ಕ ತಾಮ್ರ ಸೆಲೆನೈಡ್ ಆಗಿ ಮೇಲೆ ಕೂರುತ್ತದೆ. ಅದರಲ್ಲಿ ಕರೆಂಟು ಸಲೀಸಾಗಿ ಹರಿಯುವುದರಿಂದ ಹಾಗೇ ಬಿಟ್ಟರೆ ಸೋಲಾರ್ ಸೆಲ್ ಶಾರ್ಟ್ ಆಗುತ್ತದೆ. ಸೈನೈಡ್ ದ್ರಾವಣದಲ್ಲಿ ಅದ್ದಿದರೆ ಆ ಸೆಲೆನೈಡ್ ಕರಗಿ ಕೆಳಗಿನ ಪದರ ಉಳಿಯುತ್ತದೆ. ನಮ್ಮ ಗಣಿಯ ಮಿಲ್ಲಿನಲ್ಲಿ ಪುಡಿ ಮಾಡಿದ ಅದಿರಿನಿಂದ ಚಿನ್ನ ಕರಗಿಸುತ್ತಿದ್ದದ್ದೂ ಸೈನೈಡೇ.

ಅದಕ್ಕೇ ಹೇಳುವುದು. ದ್ರಾವಣ ಕ್ಷಾರವಾಗಿರುವಷ್ಟು ಹೊತ್ತು ಅದು ಹತೋಟಿಯಲ್ಲಿರುತ್ತದೆ. ಆಸಿಡ್ ತಗುಲಿತೋ, ಹೈಡ್ರೋಜನ್ ಸೈನೈಡ್ ಅನಿಲ ಏಳುತ್ತದೆ. ನಾವು ಸುಣ್ಣ ಹಾಕಿ ಪಿಎಚ್ 10ರ ಮೇಲೆಯೇ ಇಡುತ್ತಿದ್ದೆವು. ಒಂದು ರಾತ್ರಿ ಪಾಳಿಯಲ್ಲಿ ಹೊಸ ಹುಡುಗನೊಬ್ಬ ಆಸಿಡ್ ಕ್ಯಾನ್ ಹಿಡಿದು ಟ್ಯಾಂಕಿನ ಕಡೆ ನಡೆದಿದ್ದ. ಹಿರಿಯ ಮೇಸ್ತ್ರಿ ಓಡಿ ಅವನ ಮಣಿಕಟ್ಟು ಹಿಡಿದ. ಏನೂ ಆಗಲಿಲ್ಲ. ಇನ್ನೊಬ್ಬರು ಕ್ಯಾನ್ ಇಸಿದುಕೊಂಡು ಹೊರಗಿಟ್ಟು ಬಂದ ಮೇಲೂ ಮೇಸ್ತ್ರಿ ಕೈ ಬಿಡಲಿಲ್ಲ. ಬೆಳಗಿನ ಚಹಾ ಹೊತ್ತಿಗೂ ಆ ಹುಡುಗನ ಕೈಮೇಲೆ ಬೆರಳಿನ ಗುರುತು ಕೆಂಪಗಿತ್ತು. ಅವನಿಗೆ ಆಗ ನಿನ್ನದೇ ವಯಸ್ಸು. ಡಿಪ್ಲೊಮಾ ಓದಿದವನು, ಕೇಳಿದ್ದರೆ ಸಮೀಕರಣ ಬರೆದು ತೋರಿಸುತ್ತಿದ್ದ. ನಿದ್ದೆಗಣ್ಣಿಗೆ ಓದು ನೆನಪಾಗುವುದಿಲ್ಲವ್ವ. ಆ ಮೇಸ್ತ್ರಿಯಂಥವರು ನಿನ್ನ ಪಕ್ಕ ಯಾರಿರುತ್ತಾರೆ ಎಂಬುದೇ ನನ್ನ ಚಿಂತೆ.

ಒಬ್ಬಳೇ ಇದ್ದಾಗ ಆ ಕೆಲಸಕ್ಕೆ ಕೈ ಹಾಕಬೇಡ. ವಿಷಗಾಳಿ ಹೊರಗೆಳೆಯುವ ಆ ಫ್ಯೂಮ್ ಹುಡ್‌ನಲ್ಲಿ ಆಸಿಡ್ ಬಾಟಲಿ ಇದ್ದರೆ ಮೊದಲು ತೆಗೆಸು. ಬಳಸಿದ ದ್ರಾವಣ ಆಸಿಡ್ ತ್ಯಾಜ್ಯದ ಡಬ್ಬಕ್ಕೆ ಹೋಗದಂತೆ ನೋಡಿಕೋ. ಆ ಅನಿಲದ ಕಹಿ ಬಾದಾಮಿ ವಾಸನೆ ಬಂದೀತು ಎಂದು ನಂಬಿ ಕೂರಬೇಡ, ಎಷ್ಟೋ ಜನರ ಮೂಗಿಗೆ ಅದು ತಿಳಿಯುವುದೇ ಇಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ದಣಿದಿದ್ದರೆ ಕೆಲಸ ನಾಳೆಗಿಡು, ಯಾರು ಅವಸರ ಮಾಡಿದರೂ ಸರಿಯೇ.

ಗಾಜಿನೊಳಗಿನ ಸೋಡಿಯಂ ಪದರಕ್ಕೆ ಸೇರಿದರೆ ಸೆಲ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ, ಎಲ್ಲ ಬೆರಕೆಯೂ ಕೆಟ್ಟದ್ದಲ್ಲ ಎಂದೆಯಲ್ಲ. ಚಿನ್ನದ ಶುದ್ಧಿಯಲ್ಲೇ ಆಯುಷ್ಯ ಕಳೆದ ನನಗೆ ಅದು ಹೊಸ ಮಾತು. ಓಣಿಯವರಿಗೆಲ್ಲ ಹೇಳಿಕೊಂಡು ಬಂದೆ, ನನ್ನ ಮಗಳು ಹೇಳಿದಳು ಅಂತ.

ಲ್ಯಾಬಿನ ಸುರಕ್ಷತಾ ತರಬೇತಿ ಮುಗಿದ ದಿನ ಫೋನ್ ಮಾಡು. ಸೈನೈಡ್ ಕೆಲಸಕ್ಕೆ ಜೊತೆಗೆ ನಿಲ್ಲುವವರ ಹೆಸರು ಹೇಳು, ಸಾಕು.

ಇತಿ ನಿನ್ನ ಅಪ್ಪ