ಚೆಸ್ ಸಿನಿಮಾ ಬರೆಯುವವರ ಪಾಡು

ಈ ಸಲ ಸುಮ್ನೆ ಸಿನಿಮಾ ಬಗ್ಗೆ ಮಾತಾಡೋಣ. ಕ್ರಿಕೆಟ್ ಕಥೆಯಾದರೆ ಕೊನೆಯ ಚೆಂಡಿಗೆ ಸಿಕ್ಸರ್ ಹೊಡೆಸಿದರೆ ಮುಗೀತು. ಚೆಸ್‌ನಲ್ಲಿ ಇಬ್ಬರು ತಲೆ ತಗ್ಗಿಸಿ ಕೂತಿರುತ್ತಾರೆ, ಅಷ್ಟೇ. ನಿಜವಾದ ಆಟ ತಲೆಯೊಳಗೆ, ಅಲ್ಲಿಗೆ ಕ್ಯಾಮೆರಾ ಹೋಗಲ್ಲ. ನೋಡುವವರಲ್ಲಿ ಎಷ್ಟೋ ಜನಕ್ಕೆ ಕುದುರೆ ಹೇಗೆ ನಡೆಯುತ್ತೆ ಅಂತಲೂ ಗೊತ್ತಿರಲ್ಲ. ಇದನ್ನು ಎರಡು ಗಂಟೆ ಕೂತು ನೋಡುವ ಹಾಗೆ ಬರೆಯುವುದು ಹುಡುಗಾಟವಲ್ಲ.

ಮೊನ್ನೆ 'ಸರ್ಚಿಂಗ್ ಫಾರ್ ಬಾಬಿ ಫಿಶರ್' ಮತ್ತೆ ನೋಡಿದೆ. 1993ರದ್ದು. ಬರೆದು ನಿರ್ದೇಶಿಸಿದವರು ಸ್ಟೀವನ್ ಝೈಲಿಯನ್, ಅದೇ ವರ್ಷದ 'ಷಿಂಡ್ಲರ್ಸ್ ಲಿಸ್ಟ್' ಚಿತ್ರಕಥೆಗೆ ಆಸ್ಕರ್ ಪಡೆದವರು. ಜಾಶ್ ವೇಟ್ಸ್‌ಕಿನ್ ಎಂಬ ಹುಡುಗನ ಬಗ್ಗೆ ಅವನ ಅಪ್ಪ ಬರೆದ ಪುಸ್ತಕವೇ ಮೂಲ. ಒಂದು ಕಡೆ ಗುರುವಿನ ಪಾತ್ರದ ಬೆನ್ ಕಿಂಗ್ಸ್ಲಿ, ಹುಡುಗ ನಡೆ ಹುಡುಕಲು ತಿಣುಕುವಾಗ, ಬೋರ್ಡ್ ಮೇಲಿದ್ದ ಕಾಯಿಗಳನ್ನೆಲ್ಲ ಒಂದೇ ಏಟಿಗೆ ಗುಡಿಸಿ ನೆಲಕ್ಕೆ ಕೆಡವುತ್ತಾನೆ, ಈಗ ಮನಸ್ಸಲ್ಲೇ ನೋಡು ಎನ್ನುವ ಹಾಗೆ. ಬೋರ್ಡ್ ಖಾಲಿ. ಆಟ ಬರುವವರೂ ಬಾರದವರೂ ಆಗ ನೋಡಬೇಕಾದ್ದು ಹುಡುಗನ ಮುಖವನ್ನೇ. ಎಂಥಾ ಉಪಾಯ ಅಲ್ವಾ?

ಕೊನೆ ಇನ್ನೂ ಚೆನ್ನ. ಗೆಲುವು ಹುಡುಗನ ಕಣ್ಣಿಗೆ ಬಿದ್ದಿದೆ, ಎದುರಾಳಿಗೆ ಸೋತದ್ದು ಗೊತ್ತೇ ಆಗಿಲ್ಲ, ಅಂಥ ಹೊತ್ತಲ್ಲಿ ಇವನು ಕೈ ಚಾಚಿ ಡ್ರಾ ಮಾಡೋಣ ಅನ್ನುತ್ತಾನೆ. ಅವನು ಒಪ್ಪಲ್ಲ, ಸೋಲುತ್ತಾನೆ. ನಿಜ ಜೀವನದಲ್ಲಿ ಆ ಪಂದ್ಯ ಡ್ರಾ ಆಗಿತ್ತು. ಝೈಲಿಯನ್ ಆ ಡ್ರಾವನ್ನು ಎಸೆಯಲಿಲ್ಲ, ಫಲಿತಾಂಶದಿಂದ ತೆಗೆದು ಹುಡುಗನ ಕೈಗೆ ಕೊಟ್ಟರು. ಸುಳ್ಳು ಅಂತ ಗೊಣಗುವವರಿದ್ದಾರೆ. ನನಗೇನೂ ಹಾಗನ್ನಿಸಲಿಲ್ಲ. ಬೋರ್ಡನ್ನೇ ತಪ್ಪಾಗಿ ತಿರುಗಿಸಿಟ್ಟು, ಬಲಗೈ ಮೂಲೆಗೆ ಕಪ್ಪು ಮನೆ ಬರಿಸುವ ಸಿನಿಮಾಗಳಿಗೆ ಬೈಯಲಿ ಬೇಕಾದರೆ!

ಸತ್ಯಜಿತ್ ರೇ ಕೂಡ 1977ರ 'ಶತರಂಜ್ ಕೆ ಖಿಲಾಡಿ'ಯಲ್ಲಿ ಕೊನೆಯನ್ನೇ ಬದಲಿಸಿದರು. ಅದಕ್ಕೆ ಮೂಲವಾದ ಪ್ರೇಮಚಂದರ ಕಥೆಯಲ್ಲಿ ಚೆಸ್ ಹುಚ್ಚಿನ ಗೆಳೆಯರಿಬ್ಬರೂ ಕತ್ತಿ ಹಿರಿದು ಕಾದಾಡಿ ಸಾಯುತ್ತಾರೆ. ಸಿನಿಮಾದಲ್ಲಿ ಸಾಯಲ್ಲ. ಅವರಿದ್ದ ಅವಧ್ ರಾಜ್ಯ ಬ್ರಿಟಿಷರ ಪಾಲಾಗುತ್ತಿದೆ, ಇವರು ಜಗಳ ಮುಗಿಸಿ ಮತ್ತೆ ಕಾಯಿ ಜೋಡಿಸುತ್ತಾರೆ. ಈ ಸಲ ಇಂಗ್ಲಿಷರ ಪದ್ಧತಿಯಲ್ಲಿ, ಮಂತ್ರಿಯ ಬದಲು ರಾಣಿ ಇಟ್ಟುಕೊಂಡು.