ಸೆಮ್ಯಾಂಟಿಕ್ ತಂತ್ರಜ್ಞಾನ ತರಬೇತಿಯ ಬದಲಾವಣೆ ಕುರಿತು ನಮ್ಮ ವಿದ್ಯಾರ್ಥಿಗಳಿಗೆ, ಪೋಷಕರಿಗೆ ಮತ್ತು ಕಾಲೇಜುಗಳಿಗೆ

ಬಳ್ಳಾರಿ

ಮಾನ್ಯರೇ,

ಮುಂದಿನ ತಂಡದಿಂದ ನಮ್ಮ ಸೆಮ್ಯಾಂಟಿಕ್ ತಂತ್ರಜ್ಞಾನ ತರಬೇತಿ, ಅಂದರೆ ದತ್ತಾಂಶದ ಅರ್ಥ ಕಂಪ್ಯೂಟರ್‌ಗೂ ತಿಳಿಯುವಂತೆ ಬರೆಯುವುದನ್ನು ಕಲಿಸುವ ತರಬೇತಿ, 8 ವಾರಗಳ ಬದಲು 12 ವಾರ ನಡೆಯುತ್ತದೆ. ಮೊದಲ 6 ವಾರ ಪಾಠ, ಕೊನೆಯ 2 ವಾರ ಪ್ರಯೋಗ ಎಂಬ ಹಳೆಯ ಕ್ರಮವನ್ನು ಕೈಬಿಟ್ಟಿದ್ದೇವೆ. ಇನ್ನು ಮೇಲೆ ಪ್ರತಿ ತರಗತಿಯಲ್ಲೂ ಅರ್ಧ ಹೊತ್ತು ಪಾಠ, ಅರ್ಧ ಹೊತ್ತು ಕಂಪ್ಯೂಟರ್ ಮುಂದೆ ಕೆಲಸ. ನಿಮ್ಮಲ್ಲಿ ಹಲವರು ಈಗಾಗಲೇ ಶುಲ್ಕ ಕಟ್ಟಿದ್ದೀರಿ. ಆದ್ದರಿಂದ ಈ ಬದಲಾವಣೆ ಏಕೆ ಎಂದು ವಿವರಿಸುವುದು ನಮ್ಮ ಹೊಣೆ.

ಕಳೆದ ತಂಡದವರು ಲಿಖಿತ ಪರೀಕ್ಷೆಯನ್ನು ಚೆನ್ನಾಗಿಯೇ ಬರೆದಿದ್ದರು. ಮಾಹಿತಿಯನ್ನು ಪುಟ್ಟ ವಾಕ್ಯಗಳಾಗಿ ಬರೆಯುವ ಆರ್‌ಡಿಎಫ್ ಎಂದರೇನು, ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆ, ವಸ್ತುಗಳ ಸಂಬಂಧ ಮತ್ತು ನಿಯಮಗಳನ್ನು ಬರೆಯುವ ಔಲ್ ಭಾಷೆಗೆ ಮನ್ನಣೆ ಕೊಟ್ಟಿದ್ದು 2004ರಲ್ಲಿ, ಅಂಥ ದತ್ತಾಂಶಕ್ಕೆ ಪ್ರಶ್ನೆ ಕೇಳುವ ಸ್ಪಾರ್ಕಲ್ ಭಾಷೆಗೆ 2008ರಲ್ಲಿ, ಎಲ್ಲವೂ ಬಾಯಿಪಾಠ. ಏಳನೆಯ ವಾರ ಅವರ ಕೈಗೆ ನಿಜವಾದ ದತ್ತಾಂಶ ಕೊಟ್ಟೆವು. ಆಗ ನಮ್ಮ ಕಲಿಸುವಿಕೆಯ ದೋಷ ನಮಗೇ ಕಂಡಿತು.

ಒಬ್ಬ ವಿದ್ಯಾರ್ಥಿನಿ ನಮ್ಮ ಭಾಗದ ಪ್ರವಾಸಿ ತಾಣಗಳ ಆಂಟಾಲಜಿ, ಅಂದರೆ ಅವುಗಳ ವಿಧ ಮತ್ತು ಸಂಬಂಧಗಳನ್ನು ಕಂಪ್ಯೂಟರ್‌ಗೆ ತಿಳಿಯುವಂತೆ ಬರೆದ ವಿವರಣೆ, ಕಟ್ಟುತ್ತಿದ್ದಳು. ‘ಇರುವ ಜಿಲ್ಲೆ’ ಎಂಬ ಸಂಬಂಧವನ್ನು ಸೃಷ್ಟಿಸಿ, ಒಂದು ತಾಣಕ್ಕೆ ಒಂದೇ ಜಿಲ್ಲೆ ಇರಬೇಕಲ್ಲವೇ ಎಂದು ಅದಕ್ಕೆ ‘ಫಂಕ್ಷನಲ್’ ಎಂಬ ಗುರುತು ಹಾಕಿದಳು. ಹಳೆಯ ಪುಸ್ತಕ ನೋಡಿ ಹಂಪಿಗೆ ಬಳ್ಳಾರಿ ಜಿಲ್ಲೆ ಎಂದು ಬರೆದಿದ್ದಳು. 2021ರಲ್ಲಿ ಜಿಲ್ಲೆ ಇಬ್ಭಾಗವಾಯಿತಲ್ಲ ಎಂದು ಪಕ್ಕದವನು ನೆನಪಿಸಿದಾಗ ವಿಜಯನಗರ ಜಿಲ್ಲೆಯನ್ನೂ ಸೇರಿಸಿದಳು. ಆಮೇಲೆ ಆಂಟಾಲಜಿ ಕಟ್ಟಲು ಬಳಸುವ ಪ್ರೊಟೆಜೆ ತಂತ್ರಾಂಶದಲ್ಲಿ, ಬರೆದದ್ದನ್ನು ಪರಿಶೀಲಿಸಿ ತೀರ್ಮಾನ ತೆಗೆಯುವ ರೀಸನರ್ ಓಡಿಸಿದಳು. ಈಗ ತಪ್ಪು ಎಂದು ತೋರಿಸುತ್ತದೆ ಎಂದುಕೊಂಡು ಎಲ್ಲರೂ ಪರದೆಯನ್ನೇ ನೋಡುತ್ತಿದ್ದರು. ತೋರಿಸಲಿಲ್ಲ. ಬಳ್ಳಾರಿ ಜಿಲ್ಲೆ, ವಿಜಯನಗರ ಜಿಲ್ಲೆ ಎರಡೂ ಒಂದೇ ಎಂದು ರೀಸನರ್ ತೀರ್ಮಾನಿಸಿತು!

ಅದು ತಂತ್ರಾಂಶದ ದೋಷವಲ್ಲ. ಔಲ್‌ನಲ್ಲಿ ಹೆಸರು ಬೇರೆಯಾದ ಮಾತ್ರಕ್ಕೆ ವಸ್ತು ಬೇರೆಯಾಗುವುದಿಲ್ಲ. ಬೇರೆ ಎಂದು ನಾವೇ ಹೇಳಬೇಕು. ಹಂಪಿಗೆ ಒಂದೇ ಜಿಲ್ಲೆ ಎಂದೂ ಹೇಳಿ, ಎರಡು ಹೆಸರನ್ನೂ ಕೊಟ್ಟರೆ, ಎರಡೂ ಒಂದರದೇ ಹೆಸರು ಎಂದು ಅದು ಬಗೆಯುವುದು ಸರಿಯಾದ ತರ್ಕವೇ. ಈ ನಿಯಮವನ್ನು ನಾವು ಎರಡನೆಯ ವಾರವೇ ಹೇಳಿದ್ದೆವು. ಅವಳ ಟಿಪ್ಪಣಿ ಪುಸ್ತಕದಲ್ಲಿ ಅದರ ಕೆಳಗೆ ಗೆರೆಯನ್ನೂ ಎಳೆದಿದ್ದಳು. ಆದರೆ ಅದು ಅರ್ಥವಾದದ್ದು ಏಳನೆಯ ವಾರ, ತನ್ನದೇ ಜಿಲ್ಲೆ ಪರದೆಯ ಮೇಲೆ ಇನ್ನೊಂದರಲ್ಲಿ ಕರಗಿಹೋದಾಗ. ‘ಇವೆರಡೂ ಬೇರೆ’ ಎಂಬ ಒಂದು ಸಾಲು ಸೇರಿಸಿದ ಮೇಲೆ ರೀಸನರ್ ವಿರೋಧವನ್ನು ಎತ್ತಿ ತೋರಿಸಿತು. ಅಲ್ಲಿಂದ ಮುಂದಿನ ಪ್ರಶ್ನೆ ತಾನಾಗಿಯೇ ಹುಟ್ಟಿತು: ಎರಡೂ ಮಾತು ತಮ್ಮ ತಮ್ಮ ಕಾಲಕ್ಕೆ ನಿಜವಾಗಿದ್ದರೆ, ಆ ಕಾಲವನ್ನು ಎಲ್ಲಿ ಬರೆಯಬೇಕು? ಅಂತರಜಾಲದ ಮುಕ್ತ ದತ್ತಾಂಶ ಸಂಗ್ರಹವಾದ ವಿಕಿಡೇಟಾದಲ್ಲಿ ಒಂದು ಹೇಳಿಕೆಗೆ ಆರಂಭದ ಮತ್ತು ಮುಕ್ತಾಯದ ದಿನಾಂಕ ಜೋಡಿಸುವ ವಿಧಾನವನ್ನು ಅಂದೇ ತೋರಿಸಿದೆವು. ಅಂಥ ಪ್ರಶ್ನೆಗಳಿಗೆ ಉಳಿದಿದ್ದ ಸಮಯ ಬರೀ ಒಂದು ವಾರ ಎಂಬುದೇ ನಮ್ಮನ್ನು ಕಾಡಿದ್ದು.

ಹಾಗಾದರೆ ಪಾಠವೇ ಬೇಡ, ನೇರವಾಗಿ ತಂತ್ರಾಂಶ ಕಲಿಸಿ ಎಂದು ಕೆಲವು ಪೋಷಕರು ಕೇಳಿದ್ದಾರೆ. ಅದಕ್ಕೆ ನಾವು ಒಪ್ಪುವುದಿಲ್ಲ. ನಿಯಮ ಗೊತ್ತಿಲ್ಲದಿದ್ದರೆ ಆ ಹುಡುಗಿ ಕಂಪ್ಯೂಟರ್ ಕೆಟ್ಟಿದೆ ಎಂದುಕೊಂಡು ಎದ್ದು ಹೋಗುತ್ತಿದ್ದಳು. ಪಟ್ಟಿಯಲ್ಲಿ ಇಲ್ಲದ ಸಂಗತಿ ಸುಳ್ಳಲ್ಲ, ಇನ್ನೂ ಗೊತ್ತಿಲ್ಲ ಅಷ್ಟೇ ಎಂಬ ಔಲ್‌ನ ನಿಲುವನ್ನೂ ಯಾವ ಬಟನ್ ಒತ್ತಿದರೂ ಕಲಿಯಲಾಗದು. ಜೀನ್ಸ್ ಅಂಗಡಿಯ ದಾಸ್ತಾನು ಪುಸ್ತಕದಲ್ಲಿ 34ರ ಅಳತೆ ಬರೆದಿಲ್ಲ ಎಂದರೆ ಸರಕಿಲ್ಲ ಎಂದು ಅರ್ಥ, ಆಂಟಾಲಜಿಯಲ್ಲಿ ಹಾಗಲ್ಲ. ಈ ವ್ಯತ್ಯಾಸವನ್ನು ಕುಳಿತು ಯೋಚಿಸಿಯೇ ತಿಳಿಯಬೇಕು.

ಹೊಸ ಕ್ರಮದಲ್ಲಿ ಮೊದಲ ದಿನವೇ ಪ್ರತಿಯೊಬ್ಬರೂ ತಮ್ಮ ಊರಿನ ಬಗ್ಗೆ 10 ಟ್ರಿಪಲ್ ಬರೆಯುತ್ತಾರೆ. ಯಾವುದರ ಬಗ್ಗೆ ಮಾತು, ಅದಕ್ಕಿರುವ ಸಂಬಂಧ ಏನು, ಯಾವುದರೊಂದಿಗೆ ಎಂಬ ಮೂರು ಭಾಗಗಳ ಪುಟ್ಟ ವಾಕ್ಯವೇ ಟ್ರಿಪಲ್. ಎರಡನೆಯ ವಾರದಿಂದ ವಿಕಿಡೇಟಾಕ್ಕೆ ಸ್ಪಾರ್ಕಲ್‌ನಲ್ಲಿ ಪ್ರಶ್ನೆ ಕೇಳುತ್ತಾರೆ. ಪರೀಕ್ಷೆಯ ಅರ್ಧ ಅಂಕ ಅವರೇ ಕಟ್ಟಿದ ಆಂಟಾಲಜಿಗೆ, ಉಳಿದರ್ಧ ಅದನ್ನು ಸಮರ್ಥಿಸುವ ಬರಹಕ್ಕೆ.

ಒಬ್ಬೊಬ್ಬರ ಪಕ್ಕ ಕುಳಿತು ನೋಡಬೇಕಾದ್ದರಿಂದ ತಂಡದಲ್ಲಿ 30ರ ಬದಲು 16 ಜನರಿಗೆ ಮಾತ್ರ ಅವಕಾಶ. ಸಿರುಗುಪ್ಪ, ಸಂಡೂರು, ಕಂಪ್ಲಿಯಿಂದ ಬಸ್ಸಿನಲ್ಲಿ ಬರುವವರಿಗೆ ದಿನವೂ ಓಡಾಡುವುದು ಕಷ್ಟ. ಆದ್ದರಿಂದ ತರಗತಿಗಳು ಶನಿವಾರ ಮತ್ತು ಭಾನುವಾರ ಮಾತ್ರ. ಈಗಾಗಲೇ ಹೆಸರು ನೋಂದಾಯಿಸಿದವರು ಹೆಚ್ಚಿನ 4 ವಾರಕ್ಕೆ ಏನನ್ನೂ ಕೊಡಬೇಕಾಗಿಲ್ಲ. 12 ವಾರ ಬರಲು ಆಗದವರು ತರಗತಿ ಆರಂಭವಾಗುವುದಕ್ಕೆ ಮುಂಚೆ ತಿಳಿಸಿದರೆ ಪೂರ್ತಿ ಶುಲ್ಕ ಮರಳಿಸುತ್ತೇವೆ. ಬಳಸುವ ತಂತ್ರಾಂಶಗಳೆಲ್ಲ ಉಚಿತ. ಮನೆಯ ಕಂಪ್ಯೂಟರ್‌ಗೆ ಹಾಕಿಕೊಳ್ಳಲು ನಾವೇ ನೆರವಾಗುತ್ತೇವೆ.

ಮೊದಲ ತರಗತಿಗೆ ಬರುವಾಗ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಪಟ್ಟಿಯನ್ನು ದಯವಿಟ್ಟು ತನ್ನಿ. ಅಂಗಡಿಯ ದಾಸ್ತಾನು, ಹೊಲದಲ್ಲಿ ಬಿತ್ತಿದ ತಳಿಗಳು, ಊರಿನ ಬಸ್ಸಿನ ವೇಳೆ, ಯಾವುದಾದರೂ ಸರಿ. ಕೈಬರಹದಲ್ಲಿದ್ದರೂ ಸಾಕು.

ನಿಮ್ಮ ವಿಶ್ವಾಸಿಗಳು,
ತರಬೇತಿ ಕೇಂದ್ರದ ಬೋಧಕರು