ಕಡಿದ ಜಾಲಿ ರಸ್ತೆಯಂಚಲ್ಲಿ ಬೇಡ

ಮಾನ್ಯರೇ,

ಚಿತ್ರದುರ್ಗದಿಂದ ಆಡುಮಲ್ಲೇಶ್ವರ, ಜೋಗಿಮಟ್ಟಿ ಕಡೆಗೆ, ಹಿರಿಯೂರಿನಿಂದ ವಾಣಿವಿಲಾಸ ಸಾಗರದ ಕಡೆಗೆ ಸೈಕಲ್ ತುಳಿಯುವವರಿಗೆ ಗುಡ್ಡದ ಏರಿಗಿಂತ ದೊಡ್ಡ ಕಾಟ ಬಳ್ಳಾರಿ ಜಾಲಿಯ ಮುಳ್ಳು. ರಸ್ತೆ ಬದಿಯ ಜಾಲಿ ಕಡಿದವರು ರೆಂಬೆಗಳನ್ನು ಅಂಚಿಗೆ ತಳ್ಳಿ ಹೋಗುತ್ತಾರೆ. ಟ್ರ್ಯಾಕ್ಟರ್ ಹತ್ತಿ ಅವು ಪುಡಿಯಾದ ಮೇಲೆ, ಬೂದು ಬಣ್ಣದ ಮುಳ್ಳು ಡಾಂಬರಿನ ಮೇಲೆ ಕಾಣುವುದೇ ಇಲ್ಲ. ಕಡಿದ ದಿನವೇ ರೆಂಬೆ ಸಾಗಿಸುವುದನ್ನು ಕೆಲಸದ ಕರಾರಿನಲ್ಲೇ ಸೇರಿಸಬೇಕು.

ಸವಾರರೂ ಒಂದು ವಿಷಯ ಗಮನಿಸಬೇಕು. ಪಂಕ್ಚರ್ ಆದಾಗ ಹೊಸ ಟ್ಯೂಬ್ ಹಾಕಿದರೆ ಸಾಲದು. ಮುಳ್ಳಿನ ತುದಿ ಟೈರಿನೊಳಗೆ ಮುರಿದು ಉಳಿದಿರುತ್ತದೆ, ಐದೇ ನಿಮಿಷದಲ್ಲಿ ಮತ್ತೆ ಗಾಳಿ ಇಳಿಯುತ್ತದೆ. ಟೈರಿನ ಒಳಮೈಯಲ್ಲಿ ಬಟ್ಟೆ ಆಡಿಸಿ, ಸಿಕ್ಕಿಕೊಂಡ ಕಡೆ ಚಿಮುಟದಿಂದ ಕಿತ್ತ ಮೇಲೆಯೇ ಟ್ಯೂಬ್ ಕೂರಿಸಿ. ಈ ರಸ್ತೆಗಳಿಗೆ 28 ಮಿ.ಮೀ.ಗಿಂತ ಸಣ್ಣ ಟೈರ್ ಬೇಡ. ಎರಡು ಟ್ಯೂಬ್, ಪ್ಯಾಚ್, ಕೈಪಂಪು ಜೊತೆಗಿರಲಿ.

ಸುಗ್ಗಿಯಲ್ಲಿ ರಸ್ತೆ ಮೇಲೆ ರಾಗಿ, ಮೆಕ್ಕೆಜೋಳ ಹರಡುವ ರೈತರನ್ನು ದೂರುವಂತಿಲ್ಲ, ಅವರಿಗೆ ಕಣವೇ ಇಲ್ಲ. ರಾಶಿ ಎತ್ತಿದ ಮೇಲೂ ಉಳಿಯುವ ಅಂಚುಗಲ್ಲುಗಳು ಮಾತ್ರ ನಸುಕಿನಲ್ಲಿ ಸೈಕಲ್, ಬೈಕ್ ಎರಡನ್ನೂ ಕೆಡವುತ್ತವೆ. ಊರಿಗೊಂದು ಸಾಮೂಹಿಕ ಕಣ ಆದರೆ ಇಬ್ಬರಿಗೂ ಅನುಕೂಲ.

ಆಷಾಢದ ಗಾಳಿಯಲ್ಲಿ ಮೊದಲು ಪಡುವಣಕ್ಕೆ ಹೊರಡಿ. ದಣಿದು ಮರಳುವಾಗ ಗಾಳಿ ಬೆನ್ನಿಗಿರುತ್ತದೆ. ಜೋಗಿಮಟ್ಟಿಯ ಇಳಿಜಾರಿನಲ್ಲಿ ಬ್ರೇಕ್ ಒಂದೇ ಸಮ ಒತ್ತಿ ಹಿಡಿಯಬೇಡಿ, ರಿಮ್ ಕಾದು ಟ್ಯೂಬ್ ಒಡೆಯಬಹುದು. ಬಿಟ್ಟು ಬಿಟ್ಟು ಒತ್ತಿ.

– ಸೈಕಲ್ ಸವಾರರು, ಚಿತ್ರದುರ್ಗ